ನಿಷೇಧವೂ ಇಲ್ಲ, ಪರವಾನಗಿಯೂ ಇಲ್ಲ: ಕ್ರಿಪ್ಟೊದ ಹನ್ನೆರಡು ವರ್ಷ

ಬಿಟ್‌ಕಾಯಿನ್ ಸಹವಾಸ ಮಾಡಿದರೆ ಅದರ ಕಷ್ಟನಷ್ಟ ನಿಮ್ಮದೇ ಎಂದು ಭಾರತೀಯ ರಿಸರ್ವ್ ಬ್ಯಾಂಕು ಮೊದಲ ಸಲ ಎಚ್ಚರಿಸಿದ್ದು 2013ರ ಡಿಸೆಂಬರ್ 24ರಂದು. ಅದಕ್ಕೆ ಕೆಲವೇ ದಿನ ಹಿಂದೆ ಬೆಂಗಳೂರಿನಲ್ಲಿ ಬಿಟ್‌ಕಾಯಿನ್ ಸಮ್ಮೇಳನವೊಂದು ನಡೆದಿತ್ತು. ತುಮಕೂರಿನಲ್ಲಿ ಬೇರುಬಿಟ್ಟ ಯುನೋಕಾಯಿನ್ ಕಂಪನಿ ಶುರುವಾದದ್ದೂ ಆ ವರ್ಷವೇ. ಹಾಗಾಗಿ ಇದು ಮುಂಬೈ, ದೆಹಲಿಯವರ ಉಸಾಬರಿ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. 2025ರ ಕೊನೆಯವರೆಗಿನ ಹನ್ನೆರಡು ವರ್ಷಗಳ ಕಡತ ತಿರುವಿಹಾಕಿದರೆ ಒಂದು ವಿಚಿತ್ರ ಕಾಣುತ್ತದೆ. ಸರ್ಕಾರ ಒಮ್ಮೆ ನಿಷೇಧಿಸುತ್ತೇನೆ ಎಂದಿತು, ಇನ್ನೊಮ್ಮೆ ನಿಯಂತ್ರಿಸುತ್ತೇನೆ ಎಂದಿತು. ಕೊನೆಗೆ ಎರಡನ್ನೂ ಬಿಟ್ಟು ತೆರಿಗೆ ಹಾಕಿತು.

ಗೌನಿಪಲ್ಲಿಯಂಥ ಗಡಿ ಊರಿನಲ್ಲಿ ಕೂತು ಇದನ್ನು ಬರೆಯುವುದಕ್ಕೆ ಕಾರಣವಿದೆ. ಇಲ್ಲಿನ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಬದುಕು ಮಾವು ಮತ್ತು ಟೊಮೆಟೊ. ಬೆಲೆ ಏರಿಳಿದರೆ ಗಾಬರಿಯಾಗುವ ಜನ ನಾವಲ್ಲ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು ₹2,000 ದಾಟಿದ್ದನ್ನು ಕಂಡಿದ್ದೇವೆ. ಅದೇ ಟೊಮೆಟೊವನ್ನು ಬಾಡಿಗೆಗೂ ಸಾಲದೆಂದು ರಸ್ತೆಗೆ ಸುರಿದದ್ದನ್ನೂ ಕಂಡಿದ್ದೇವೆ. ಆದ್ದರಿಂದಲೇ ‘ಇವತ್ತು ಹಾಕು, ಮೂರು ತಿಂಗಳಿಗೆ ಡಬಲ್’ ಎಂಬ ಮಾತು ಇಲ್ಲಿನ ಹುಡುಗರಿಗೆ ಅಷ್ಟೇನೂ ಅಸಾಧ್ಯವಾಗಿ ಕೇಳಿಸುವುದಿಲ್ಲ. ಮಂಡಿಯ ರೇಟು ಬರುವ ಫೋನಿಗೇ ಕಾಯಿನ್ನಿನ ಆಸೆಯ ಮೆಸೇಜೂ ಬರುತ್ತದೆ, ಅದೂ ಎರಡೂ ಭಾಷೆಯಲ್ಲಿ.

ಕಥೆಯ ಮೊದಲ ಐದು ವರ್ಷದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ರಿಸರ್ವ್ ಬ್ಯಾಂಕು 2017ರಲ್ಲಿ ಮತ್ತೆರಡು ಸಲ ಎಚ್ಚರಿಕೆ ಕೊಟ್ಟಿತು. 2018ರ ಬಜೆಟ್ ಭಾಷಣದಲ್ಲಿ ಅರುಣ್ ಜೇಟ್ಲಿ, ಸರ್ಕಾರ ಇದನ್ನು ಚಲಾವಣೆಯ ಹಣವೆಂದು ಒಪ್ಪುವುದಿಲ್ಲ ಎಂದರು. ಅದೇ ವರ್ಷದ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿ, ಕ್ರಿಪ್ಟೊ ವ್ಯವಹಾರದವರಿಗೆ ಬ್ಯಾಂಕುಗಳು ಯಾವ ಸೇವೆಯನ್ನೂ ಕೊಡಕೂಡದು, ಕೊಡುತ್ತಿದ್ದರೆ ಮೂರು ತಿಂಗಳಲ್ಲಿ ನಿಲ್ಲಿಸಬೇಕು ಎಂದಿತು. ಕಾಯಿನ್ ಇಟ್ಟುಕೊಳ್ಳುವುದು ಅಪರಾಧ ಎಂದು ಎಲ್ಲೂ ಹೇಳಲಿಲ್ಲ, ಅದಕ್ಕೆ ಹಣ ಹೋಗಿಬರುವ ದಾರಿಯನ್ನು ಮುಚ್ಚಿತು, ಅಷ್ಟೆ. ನೇರವಾಗಿ ನಿಷೇಧಿಸುವ ಧೈರ್ಯ ಸಾಲದೆ ಇಟ್ಟ ಹೆಜ್ಜೆ ಅದು ಎಂಬುದು ನಮ್ಮ ಅಭಿಪ್ರಾಯ. ಆಮೇಲಿನದ್ದೆಲ್ಲ ಅದೇ ಧಾಟಿಯಲ್ಲೇ ನಡೆಯಿತು.

ಬ್ಯಾಂಕಿನ ಬಾಗಿಲು ಮುಚ್ಚಿದ್ದರಿಂದ ಯುನೋಕಾಯಿನ್‌ನವರು 2018ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕೆಂಪ್ ಫೋರ್ಟ್ ಮಾಲ್‌ನಲ್ಲಿ ಒಂದು ಯಂತ್ರ ತಂದಿಟ್ಟರು. ನೋಟು ಹಾಕಿ ಖಾತೆಗೆ ತುಂಬಿಸುವ, ಖಾತೆಯಿಂದ ನೋಟು ತೆಗೆಯುವ ಯಂತ್ರ. ಪತ್ರಿಕೆಗಳು ದೇಶದ ಮೊದಲ ಬಿಟ್‌ಕಾಯಿನ್ ಎಟಿಎಂ ಎಂದು ಬರೆದವು. ಬರೆದ ಶಾಯಿ ಆರುವ ಮೊದಲೇ ಸಿಸಿಬಿ ಪೊಲೀಸರು ಬಂದು ಯಂತ್ರವನ್ನು ಎತ್ತಿಕೊಂಡು ಹೋದರು, ಕಂಪನಿಯ ಸ್ಥಾಪಕರನ್ನು ಬಂಧಿಸಿದರು. ಅನುಮತಿ ಪಡೆದಿಲ್ಲ ಎಂಬುದು ಆರೋಪ. ಯಾರಿಂದ ಪಡೆಯಬೇಕಿತ್ತು? ಅಂಥ ಅನುಮತಿ ಕೊಡುವ ಕಚೇರಿ ದೇಶದಲ್ಲೇ ಇರಲಿಲ್ಲ. ಸರ್ಕಾರ ಈ ಹನ್ನೆರಡು ವರ್ಷ ನಡೆದುಕೊಂಡ ರೀತಿಯನ್ನು ತಿಳಿಯಲು ಇದೊಂದು ಪ್ರಸಂಗ ಸಾಕು.

ಇದಕ್ಕೊಂದು ಬಾಲಂಗೋಚಿಯೂ ಇದೆ. 2020ರ ನವೆಂಬರಿನಲ್ಲಿ ಅದೇ ಸಿಸಿಬಿ ಮಾದಕವಸ್ತು ಪ್ರಕರಣದ ಜಾಡು ಹಿಡಿದು ಬೆಂಗಳೂರಿನ ಹ್ಯಾಕರ್ ಯುವಕನೊಬ್ಬನನ್ನು ಬಂಧಿಸಿತು. ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ಕನ್ನ ಹಾಕಿ ₹11.5 ಕೋಟಿ ಲಪಟಾಯಿಸಿದ ಆರೋಪವೂ ಅವನ ಮೇಲಿತ್ತು. ವಶಪಡಿಸಿಕೊಂಡ ಬಿಟ್‌ಕಾಯಿನ್ ಇಡಲು ಪೊಲೀಸರಿಗೆ ಒಂದು ವ್ಯಾಲೆಟ್ ಬೇಕಾಯಿತು. ತೆರೆಸಿದ್ದು ಯುನೋಕಾಯಿನ್‌ನಲ್ಲೇ! ಎರಡು ವರ್ಷದ ಹಿಂದೆ ಯಾರ ಯಂತ್ರ ಹೊತ್ತೊಯ್ದಿದ್ದರೋ ಅವರ ಬಾಗಿಲಿಗೇ ಹೋಗಬೇಕಾಯಿತು. 31 ಬಿಟ್‌ಕಾಯಿನ್, ಬೆಲೆ ₹9 ಕೋಟಿ, ಜಪ್ತಿಯಾಗಿದೆ ಎಂದು 2021ರ ಜನವರಿಯಲ್ಲಿ ಪ್ರಕಟಿಸಿದರು. ಆ ವರ್ಷದ ನವೆಂಬರಿನಲ್ಲಿ ‘ಬಿಟ್‌ಕಾಯಿನ್ ಹಗರಣ’ ವಿಧಾನಸೌಧವನ್ನೇ ಅಲ್ಲಾಡಿಸಿದಾಗ, ಆರೋಪಿ ತೋರಿಸಿದ ಖಾತೆಯ ಕೀಲಿ ಅವನ ಕೈಯಲ್ಲೇ ಇರಲಿಲ್ಲ ಎಂದು ಅದೇ ಪೊಲೀಸರು ವಿವರಣೆ ಕೊಡಬೇಕಾಯಿತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ವಿಶೇಷ ತನಿಖಾ ತಂಡ ರಚನೆಯಾಯಿತು, ಆ ತಂಡ ತನಿಖೆ ಮಾಡಿದ್ದ ಪೊಲೀಸರನ್ನೇ ಬಂಧಿಸುವ ಮಟ್ಟಕ್ಕೆ ವಿಷಯ ಹೋಯಿತು. ರಾಜಕೀಯ ಏನೇ ಇರಲಿ, ಚಿನ್ನ ಜಪ್ತಿಯಾದರೆ ಪಂಚನಾಮೆ ಹೇಗೆ, ಖಜಾನೆಗೆ ಒಪ್ಪಿಸುವುದು ಹೇಗೆ ಎಂಬುದು ಪ್ರತಿ ಹೆಡ್ ಕಾನ್‌ಸ್ಟೆಬಲ್‌ಗೂ ಬಾಯಿಪಾಠ. ಕಾಯಿನ್ ಜಪ್ತಿಗೆ ಅಂಥ ಕ್ರಮವೇ ಆಗ ಇರಲಿಲ್ಲ.

ನಡುವೆ ಸುಪ್ರೀಂ ಕೋರ್ಟು 2020ರ ಮಾರ್ಚ್ 4ರಂದು ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ರದ್ದು ಮಾಡಿತು. ಕ್ರಿಪ್ಟೊ ಪರವಾಗಿ ತೀರ್ಪು ಬಂತು ಎಂದು ಆಗ ಸಿಹಿ ಹಂಚಿದವರು ಅದನ್ನು ಪೂರ್ತಿ ಓದಿರಲಿಕ್ಕಿಲ್ಲ. ರಿಸರ್ವ್ ಬ್ಯಾಂಕಿಗೆ ಈ ಅಧಿಕಾರವೇ ಇಲ್ಲ ಎಂದು ನ್ಯಾಯಮೂರ್ತಿಗಳು ಹೇಳಲಿಲ್ಲ. ಕ್ರಿಪ್ಟೊದಿಂದ ಬ್ಯಾಂಕುಗಳಿಗೆ ಆದ ಹಾನಿ ಏನು ಎಂದು ತೋರಿಸದೆ, ನಿಷೇಧವಿಲ್ಲದ ವ್ಯಾಪಾರವೊಂದರ ಕತ್ತು ಹಿಸುಕಿದ್ದು ಅತಿಯಾಯಿತು ಎಂದರು. ಸಂಸತ್ತು ಕಾನೂನು ಮಾಡಿದರೆ ಮಾತು ಬೇರೆ. ಆ ಕಾನೂನಿನ ಕರಡು 2019ರಲ್ಲೇ ಸಿದ್ಧವಿತ್ತು. ಸುಭಾಷ್ ಚಂದ್ರ ಗರ್ಗ್ ಸಮಿತಿ ಪೂರ್ಣ ನಿಷೇಧ, ಹತ್ತು ವರ್ಷದವರೆಗೆ ಜೈಲು, ₹25 ಕೋಟಿವರೆಗೆ ದಂಡ ಎಂದು ಬರೆದಿತ್ತು. 2021ರಲ್ಲಿ ಎರಡು ಸಲ, ಬಜೆಟ್ ಅಧಿವೇಶನದಲ್ಲಿ ಒಮ್ಮೆ, ಚಳಿಗಾಲದ ಅಧಿವೇಶನದಲ್ಲಿ ಒಮ್ಮೆ, ಕ್ರಿಪ್ಟೊ ಮಸೂದೆ ಮಂಡನೆಯ ಪಟ್ಟಿಗೆ ಬಂತು. ಎರಡನೆಯ ಸಲ ಪಟ್ಟಿ ಹೊರಬಿದ್ದ ರಾತ್ರಿಯೇ ಭಾರತದ ಎಕ್ಸ್‌ಚೇಂಜುಗಳಲ್ಲಿ ಬೆಲೆ ನೆಲಕಚ್ಚಿತು. ಮಸೂದೆ ಮಾತ್ರ ಇವತ್ತಿಗೂ ಮಂಡನೆಯಾಗಿಲ್ಲ.

ಅದರ ಬದಲು 2022ರ ಫೆಬ್ರುವರಿ 1ರ ಬಜೆಟ್ಟಿನಲ್ಲಿ ತೆರಿಗೆ ಬಂತು. ಲಾಭದ ಮೇಲೆ ಶೇ 30. ಜುಲೈನಿಂದ ಪ್ರತಿ ಮಾರಾಟದ ಮೊತ್ತದ ಮೇಲೆ ಶೇ 1 ಟಿಡಿಎಸ್. ಹಾಗಾದರೆ ಇದು ಕಾನೂನುಬದ್ಧವಾಯಿತೇ ಎಂದು ರಾಜ್ಯಸಭೆಯಲ್ಲಿ ಕೇಳಿದಾಗ ನಿರ್ಮಲಾ ಸೀತಾರಾಮನ್ ಕೊಟ್ಟ ಉತ್ತರದ ಸಾರ ಇಷ್ಟು: ನಿಷೇಧಿಸುವುದೋ ಬಿಡುವುದೋ ಆಮೇಲಿನ ಮಾತು, ತೆರಿಗೆ ಹಾಕುವುದು ಸರ್ಕಾರದ ಹಕ್ಕು. ರಾಜ್ಯಸಭೆಯಲ್ಲಿ ಅವರು ಪ್ರತಿನಿಧಿಸುವುದು ನಮ್ಮ ಕರ್ನಾಟಕವನ್ನೇ.

ಈ ತೆರಿಗೆ ಒಬ್ಬ ಹುಡುಗನ ಮೇಲೆ ಹೇಗೆ ಬೀಳುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಒಂದು ಕಾಯಿನ್ನನ್ನು ₹1 ಲಕ್ಷಕ್ಕೆ ಕೊಂಡು ₹1.5 ಲಕ್ಷಕ್ಕೆ ಮಾರಿದ, ಲಾಭ ₹50,000. ಇನ್ನೊಂದನ್ನು ₹1 ಲಕ್ಷಕ್ಕೆ ಕೊಂಡು ₹40,000ಕ್ಕೆ ಮಾರಿದ; ನಷ್ಟ ₹60,000. ಒಟ್ಟು ಕೈಯಿಂದ ಹೋದದ್ದು ₹10,000. ಚಿಲ್ಲರೆ ಅಂಗಡಿಯವನಾದರೂ ಇದಕ್ಕೆ ನಷ್ಟ ಎನ್ನುತ್ತಾನೆ. ಆದಾಯ ತೆರಿಗೆ ಕಾಯ್ದೆ ಹಾಗೆನ್ನುವುದಿಲ್ಲ. ಒಂದು ಕಾಯಿನ್ನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ವಜಾ ಮಾಡುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಆದ್ದರಿಂದ ₹50,000ಕ್ಕೆ ಶೇ 30ರಂತೆ ₹15,000, ಅದರ ಮೇಲೆ ಸೆಸ್ಸು ₹600. ಹತ್ತು ಸಾವಿರ ಕಳೆದುಕೊಂಡವನು ಮೇಲಿಂದ ₹15,600 ಕಟ್ಟಬೇಕು. ಬೇರೆ ಆದಾಯ ಇಲ್ಲ, ಮನೆಯಲ್ಲಿ ಇರುವುದು ಬೇಸಾಯ ಮಾತ್ರ ಎಂದರೂ ವಿನಾಯಿತಿ ಮಿತಿಯ ಪ್ರಶ್ನೆ ಇಲ್ಲ. ಅಪ್ಪ ಜೀವಮಾನದಲ್ಲಿ ರಿಟರ್ನ್ಸ್ ಕಂಡವರಲ್ಲ; ಮಗನಿಗೆ ಇಲಾಖೆಯ ನೋಟಿಸು ಇಂಗ್ಲಿಷಿನಲ್ಲಿ ಬರುತ್ತದೆ.

ಹೀಗೆ ಹೆಚ್ಚು ತೆರಿಗೆ ಹಾಕಿದರೆ ಜನ ತಾವಾಗಿಯೇ ಹಿಂದೆ ಸರಿಯುತ್ತಾರೆ ಎಂಬ ಲೆಕ್ಕಾಚಾರ ಇದ್ದಿರಬೇಕು. ಆದರೆ ದೊಡ್ಡ ವ್ಯಾಪಾರಿಗಳು ವಿದೇಶಿ ಎಕ್ಸ್‌ಚೇಂಜುಗಳಿಗೆ ಹೊರಟುಹೋದರು. 2023ರ ಮಾರ್ಚಿನಲ್ಲಿ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಎಕ್ಸ್‌ಚೇಂಜುಗಳನ್ನು ತಂದದ್ದು, ಆ ಡಿಸೆಂಬರಿನಲ್ಲಿ ಒಂಬತ್ತು ವಿದೇಶಿ ಕಂಪನಿಗಳಿಗೆ ನೋಟಿಸು ಕೊಟ್ಟದ್ದು, ಬೈನಾನ್ಸ್ ಮೇಲೆ 2024ರಲ್ಲಿ ₹18.82 ಕೋಟಿ ದಂಡ ಹಾಕಿದ್ದು, ಇವೆಲ್ಲ ಸರಿಯಾದ ಹೆಜ್ಜೆಗಳೇ. ಆದರೆ ಇವು ಕಳ್ಳಹಣವನ್ನು ಹಿಡಿಯುವ ಕ್ರಮಗಳು. ದುಡ್ಡು ಕಳೆದುಕೊಂಡವನನ್ನು ಕೇಳುವವರು ಯಾರು?

ಅದಕ್ಕೆ ಉತ್ತರ 2024ರ ಜುಲೈ 18ರಂದು ಸಿಕ್ಕಿತು. ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜಿನಿಂದ ಸುಮಾರು ₹2,000 ಕೋಟಿ ಬೆಲೆಯ ಕಾಯಿನ್‌ಗಳು ಕಳುವಾದವು. ಲಕ್ಷಾಂತರ ಜನರ ಖಾತೆ ವರ್ಷಕ್ಕೂ ಮಿಕ್ಕಿ ಬೀಗ ಹಾಕಿದಂತಾಯಿತು. ತಮಗೆ ಎಷ್ಟು ಪಾಲು ವಾಪಸು ಬರುತ್ತದೆ ಎಂಬುದು ತೀರ್ಮಾನವಾದದ್ದು ಸಿಂಗಪುರದ ಹೈಕೋರ್ಟಿನಲ್ಲಿ. ನಮ್ಮ ತಾಲ್ಲೂಕಿನವನೊಬ್ಬ ಐವತ್ತು ಸಾವಿರ ಹಾಕಿದ್ದರೆ ಅವನು ಹೋಗಬೇಕಾದದ್ದು ಶ್ರೀನಿವಾಸಪುರದ ಕೋರ್ಟಿಗಲ್ಲ, ಬೆಂಗಳೂರಿಗಲ್ಲ, ಸಿಂಗಪುರಕ್ಕೆ! ಒಂದು ವರ್ಷಕ್ಕೆ ಸರಿಯಾಗಿ, 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್‌ನಿಂದ 4.4 ಕೋಟಿ ಡಾಲರು ಹೋಯಿತು. ಬೆಂಗಳೂರಿನಲ್ಲಿ ಕಂಪನಿಯ ನೌಕರನೊಬ್ಬನ ಬಂಧನವಾಯಿತು. ಆ ಕಂಪನಿ ನಷ್ಟವನ್ನು ತಾನೇ ಭರಿಸಿತು. ಭರಿಸಲೇಬೇಕು ಎಂಬ ಕಾನೂನು ಇರಲಿಲ್ಲ, ಭರಿಸದಿದ್ದರೆ ಕೇಳುವವರೂ ಇರಲಿಲ್ಲ. ಕ್ರಿಪ್ಟೊ ಎಂಬುದು ಆಸ್ತಿ, ಅದನ್ನು ಒಬ್ಬರ ಪರವಾಗಿ ಇನ್ನೊಬ್ಬರು ಜೋಪಾನವಾಗಿ ಇಟ್ಟುಕೊಳ್ಳಬಹುದಾದ ಆಸ್ತಿ ಎಂದು ಮದ್ರಾಸ್ ಹೈಕೋರ್ಟು 2025ರ ಅಕ್ಟೋಬರಿನಲ್ಲಿ ಹೇಳಿದ್ದು ಈ ಹನ್ನೆರಡು ವರ್ಷದಲ್ಲಿ ಸಾಮಾನ್ಯನ ಪರವಾಗಿ ಬಂದ ಮಹತ್ವದ ಮಾತು. ಸಂಸತ್ತು ಹೇಳಬೇಕಾಗಿದ್ದನ್ನು ಕೋರ್ಟು ಹೇಳಬೇಕಾಯಿತು.

ಹಾಗಾದರೆ ಪೂರ್ತಿ ನಿಷೇಧಿಸಿಬಿಡಲಿ ಎನ್ನುವವರು ನಮ್ಮಲ್ಲೂ ಇದ್ದಾರೆ. ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಟಿ. ರಬಿಶಂಕರ್ 2022ರಲ್ಲೇ ಇದು ಪೊಂಜಿ ಯೋಜನೆಗಿಂತಲೂ ಕೆಟ್ಟದ್ದು, ನಿಷೇಧವೇ ಸೂಕ್ತ ಎಂದಿದ್ದರು. ಅವರ ಕಳವಳವನ್ನು ತಳ್ಳಿಹಾಕುವಂತಿಲ್ಲ. ಆದರೆ ನಿಷೇಧ ಏನು ಮಾಡುತ್ತದೆ ಎಂದು ತಿಳಿಯಲು ಕೋಲಾರ ಜಿಲ್ಲೆಯವರು ಚೀನಾದವರೆಗೆ ಹೋಗಬೇಕಿಲ್ಲ.

ಕೆಜಿಎಫ್‌ನ ಗಣಿಗಳು 1962ರ ಡಿಸೆಂಬರ್ 1ರಂದು ಮೈಸೂರು ರಾಜ್ಯದ ಕೈಯಿಂದ ಕೇಂದ್ರದ ಹಣಕಾಸು ಸಚಿವಾಲಯಕ್ಕೆ ಹೋದವು. ನಲವತ್ತು ದಿನ ಆಗುವಷ್ಟರಲ್ಲಿ, 1963ರ ಜನವರಿಯಲ್ಲಿ, ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ನಿಯಮಗಳನ್ನು ತಂದರು. 14 ಕ್ಯಾರೆಟ್‌ಗಿಂತ ಶುದ್ಧವಾದ ಒಡವೆ ಮಾಡುವಂತಿಲ್ಲ. ಗಟ್ಟಿ ಚಿನ್ನ ಇದ್ದವರು ಲೆಕ್ಕ ಕೊಡಬೇಕು. ಒಂದೇ ಸಚಿವಾಲಯ ನಮ್ಮ ನೆಲದಲ್ಲಿ ಸಾವಿರಾರು ಅಡಿ ಆಳದಿಂದ ಚಿನ್ನ ತೆಗೆಸುತ್ತಿತ್ತು, ಮೇಲೆ ನಿಂತು ಚಿನ್ನ ಬೇಡ ಎನ್ನುತ್ತಿತ್ತು. ಚೀನಾ ಯುದ್ಧದ ಬೆನ್ನಲ್ಲೇ ವಿದೇಶಿ ವಿನಿಮಯ ಉಳಿಸಬೇಕೆಂಬ ಉದ್ದೇಶ ಕೆಟ್ಟದ್ದೇನಲ್ಲ. ಆದರೆ ಹೆಣ್ಣುಮಕ್ಕಳ ಮದುವೆಗೆ 14 ಕ್ಯಾರೆಟ್ಟಿನ ತಾಳಿ ಯಾರು ಕಟ್ಟಿಸಿಯಾರು? ಕೆಲಸ ಹೋದದ್ದು ಊರೂರಿನ ಅಕ್ಕಸಾಲಿಗರದ್ದು, ಕೊಬ್ಬಿದ್ದು ಕಡಲ ದಾರಿಯ ಕಳ್ಳಸಾಗಣೆ. 14 ಕ್ಯಾರೆಟ್ಟಿನ ಕಟ್ಟಳೆ ಕೆಲವೇ ವರ್ಷದಲ್ಲಿ ಸಡಿಲವಾಯಿತು, 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯೇ ಬಂತು, ಅದನ್ನು ಪೂರ್ತಿ ಕೈಬಿಡಲು 1990 ಬರಬೇಕಾಯಿತು. ಇಪ್ಪತ್ತೇಳು ವರ್ಷ!

ಲಾಟರಿಯ ಕಥೆಯೂ ಹತ್ತಿರದ್ದೇ. ರಾಜ್ಯ ಸರ್ಕಾರ 2007ರ ಏಪ್ರಿಲಿನಿಂದ ಲಾಟರಿ ನಿಷೇಧಿಸಿತು. ಅದರಿಂದ ಎಷ್ಟೋ ಮನೆ ಉಳಿದವು, ಆ ನಿರ್ಧಾರ ಸರಿಯಾದದ್ದೇ. ಆದರೂ 2015ರಲ್ಲಿ ಒಂದಂಕಿ ಲಾಟರಿ ದಂಧೆ ಬಯಲಾದಾಗ ಪೊಲೀಸರು ಸೂತ್ರಧಾರನೆಂದು ಹಿಡಿದವನು ಕೆಜಿಎಫ್‌ನವನು. ಹಿರಿಯ ಪೊಲೀಸ್ ಅಧಿಕಾರಿಗಳ ಹೆಸರು ಕೇಳಿಬಂದು ತನಿಖೆ ಸಿಬಿಐಗೆ ಹೋಯಿತು. ಎಂಟು ವರ್ಷದ ನಿಷೇಧದ ನೆರಳಲ್ಲೇ ದಂಧೆ ಬೆಳೆದಿತ್ತು.

2025ರ ಜೂನ್‌ನಲ್ಲಂತೂ ನಿಷೇಧದ ಬಿಸಿ ನಮ್ಮ ತೋಟಕ್ಕೇ ತಟ್ಟಿತು. ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಮಾವು ಒಳಗೆ ಬರಕೂಡದು ಎಂದಿತು, ಗಡಿಯಲ್ಲಿ ಲಾರಿಗಳು ನಿಂತವು, ಶ್ರೀನಿವಾಸಪುರ ಬಂದ್ ಆಯಿತು, ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಅನ್ಯಾಯದ ಆದೇಶವಾದರೂ ಅದು ಜಾರಿಯಾಯಿತು, ಏಕೆಂದರೆ ಮಾವು ಲಾರಿಯಲ್ಲೇ ಹೋಗಬೇಕು, ಲಾರಿ ಚೆಕ್‌ಪೋಸ್ಟ್ ದಾಟಲೇಬೇಕು. ಕಾಯಿನ್ನಿಗೆ ಚೆಕ್‌ಪೋಸ್ಟ್ ಎಲ್ಲಿ? ವ್ಯಾಲೆಟ್ಟಿನ ಕೀಲಿಯಾದ ಹನ್ನೆರಡು ಪದಗಳನ್ನು ಬಾಯಿಪಾಠ ಮಾಡಿಕೊಂಡವನು ಕೋಟಿ ರೂಪಾಯಿ ಬೆಲೆಯ ಬಿಟ್‌ಕಾಯಿನ್ ಇಟ್ಟುಕೊಂಡು ಖಾಲಿ ಜೇಬಿನಲ್ಲಿ ವಿಮಾನ ಹತ್ತಬಹುದು.

ನೈಜೀರಿಯಾದ ಕೇಂದ್ರ ಬ್ಯಾಂಕು 2021ರ ಫೆಬ್ರುವರಿಯಲ್ಲಿ ನಮ್ಮ ರಿಸರ್ವ್ ಬ್ಯಾಂಕಿನ ಸುತ್ತೋಲೆಯಂಥದ್ದನ್ನೇ ಹೊರಡಿಸಿತು. ವ್ಯಾಪಾರ ನಿಲ್ಲಲಿಲ್ಲ, ಬ್ಯಾಂಕಿನ ಕಣ್ಣಿಗೆ ಬೀಳದಂತೆ ಜನರಿಂದ ಜನರಿಗೆ ನಡೆಯತೊಡಗಿತು. 2023ರ ಡಿಸೆಂಬರಿನಲ್ಲಿ ಅವರೇ ಹಿಂದೆಗೆದುಕೊಂಡರು. ಚೀನಾ 2021ರ ಸೆಪ್ಟೆಂಬರಿನಿಂದ ಎಲ್ಲ ವಹಿವಾಟನ್ನೂ ಕಾನೂನುಬಾಹಿರ ಎಂದಿದೆ, ಅದು ಚೀನಾದಂಥ ಸರ್ಕಾರಕ್ಕೆ ಮಾತ್ರ ಸಾಧ್ಯವಾಗುವ ಕೆಲಸ. ಐರೋಪ್ಯ ಒಕ್ಕೂಟದ ಕ್ರಿಪ್ಟೊ ನಿಯಮಾವಳಿ 2024ರ ಕೊನೆಗೆ ಪೂರ್ತಿ ಜಾರಿಗೆ ಬಂತು. ಅಮೆರಿಕ 2025ರ ಜುಲೈನಲ್ಲಿ ಡಾಲರಿಗೆ ಕಟ್ಟಿದ ಕಾಯಿನ್‌ಗಳಿಗೆ ಕಾನೂನು ಮಾಡಿತು. ಎಲ್ಲ ದೇಶ ಸೇರಿ ಕಾನೂನು ಮಾಡಿದರೆ ಮಾತ್ರ ಪ್ರಯೋಜನ ಎಂಬುದು ದೆಹಲಿಯ ಹಳೆಯ ವಾದ. 2023ರ ಫೆಬ್ರುವರಿಯಲ್ಲಿ ಜಿ20 ಹಣಕಾಸು ಸಚಿವರು ಬೆಂಗಳೂರಿಗೇ ಬಂದು ಈ ವಿಷಯ ಚರ್ಚಿಸಿ ಹೋದರು. ಉಳಿದವರು ಕಾನೂನು ಮಾಡಿಕೊಂಡರು, ಒಟ್ಟಾಗಿ ಮಾಡೋಣ ಎಂದ ನಾವು ಮಾತ್ರ ಇನ್ನೂ ಸರ್ಕಾರದ ಚರ್ಚಾಪತ್ರಕ್ಕೆ ಕಾಯುತ್ತಿದ್ದೇವೆ. ಸ್ಪಷ್ಟ ನೀತಿ ಏಕಿಲ್ಲ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕೇಂದ್ರವನ್ನು ಕೇಳಿತು. ಇದು ಹವಾಲಾದ ನಾಜೂಕಾದ ರೂಪ ಎಂಬರ್ಥದ ಮಾತನ್ನೂ ಆಡಿತು.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಕಡೆಯ ಹಳ್ಳಿಗಳಿಗೆ ಆಗುವ ಹಾನಿಯಲ್ಲಿ ನಿಜವಾದ ಬಿಟ್‌ಕಾಯಿನ್‌ನ ಪಾಲು ಕಡಿಮೆ. ಹೋಟೆಲಿನ ಹಾಲ್‌ನಲ್ಲಿ ಮೀಟಿಂಗು, ಕೋಟು ಹಾಕಿದ ‘ಲೀಡರು’, ಸ್ಕ್ರೀನ್ ಮೇಲೆ ದಿನದಿನಕ್ಕೂ ಏರುವ ಅಂಕಿ, ಇಬ್ಬರನ್ನು ಸೇರಿಸಿದರೆ ಕಮಿಷನ್ನು, ಮೊದಲ ತಿಂಗಳು ಖಾತೆಗೆ ನಿಜವಾಗಿಯೂ ಬೀಳುವ ನಾಲ್ಕು ಸಾವಿರ. ಅಲ್ಲಿ ಕಾಯಿನ್ ಇರುವುದು ಹೆಸರಿಗೆ ಮಾತ್ರ, ಒಳಗಿರುವುದು ಹಳೇ ಚೈನ್ ಸ್ಕೀಮು. ಇಂಥದ್ದಕ್ಕೆ ಹೊಸ ಕಾನೂನು ಬೇಕೇ ಇಲ್ಲ. ಹಣ ಸುತ್ತಿಸುವ ಯೋಜನೆಗಳನ್ನು ನಿಷೇಧಿಸಿದ ಕೇಂದ್ರದ ಕಾಯ್ದೆ 1978ರದು, ಠೇವಣಿದಾರರ ಹಿತರಕ್ಷಣೆಯ ಕರ್ನಾಟಕದ ಕಾಯ್ದೆ 2004ರದು, ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ 2019ರದು. ಮೂರೂ ಕೈಯಲ್ಲಿವೆ. ಆದರೆ ಠಾಣೆಗೆ ಹೋಗಿ ‘ಕ್ರಿಪ್ಟೊ’ ಎಂದ ಕೂಡಲೇ ಅದು ಸೈಬರ್ ಕೇಸು, ಜಿಲ್ಲಾ ಸೆನ್ (ಸೈಬರ್ ಅಪರಾಧ) ಠಾಣೆಗೆ ಹೋಗಿ ಎನ್ನುತ್ತಾರೆ. ದೂರುದಾರ ಕೋಲಾರದ ಬಸ್ಸು ಹತ್ತುವ ಹೊತ್ತಿಗೆ ಲೀಡರು ಫೋನ್ ಸ್ವಿಚ್ ಆಫ್ ಮಾಡಿ ಮದನಪಲ್ಲಿ ದಾಟಿರುತ್ತಾನೆ. ನಿಷೇಧವಿದ್ದೂ ಜಾರಿಯಿಲ್ಲದ ಕಡೆ ಇನ್ನೊಂದು ನಿಷೇಧ ತಂದು ಮಾಡುವುದೇನು?

ಇನ್ನೊಂದು ಬಗೆಯ ಪೆಟ್ಟನ್ನು ಪತ್ರಿಕೆಗಳು ಅಷ್ಟಾಗಿ ಬರೆಯುವುದಿಲ್ಲ. ಟಿಡಿಎಸ್ ತಪ್ಪಿಸಲು ಹುಡುಗರು ಯುಎಸ್‌ಡಿಟಿ ಎಂಬ ಡಾಲರ್ ಕಾಯಿನ್ನನ್ನು ಪಿಟುಪಿಯಲ್ಲಿ, ಅಂದರೆ ಗುರುತಿಲ್ಲದವರಿಗೆ ನೇರವಾಗಿ ಮಾರುತ್ತಾರೆ. ಯುಪಿಐನಲ್ಲಿ ಹಣ ಬರುತ್ತದೆ. ಆ ಹಣ ಇನ್ಯಾವುದೋ ರಾಜ್ಯದಲ್ಲಿ ಯಾರನ್ನೋ ವಂಚಿಸಿ ತಂದದ್ದಾಗಿರುತ್ತದೆ. ವಂಚನೆಗೆ ಒಳಗಾದವರು ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡುತ್ತಾರೆ, ಹಣ ಹರಿದ ದಾರಿಯ ಖಾತೆಗಳೆಲ್ಲ ಫ್ರೀಜ್ ಆಗುತ್ತವೆ. ಹುಡುಗನ ಖಾತೆಗೇ ಟೊಮೆಟೊ ಮಂಡಿಯ ದುಡ್ಡೂ ಬರುತ್ತಿದ್ದರೆ ಅದೂ ಒಳಗೇ ಉಳಿಯಿತು. ಬ್ಯಾಂಕಿನವರು ತೋರಿಸುವುದು ದೂರದ ಊರಿನ ಸೈಬರ್ ಠಾಣೆಯ ಒಂದು ಇಮೇಲ್ ವಿಳಾಸ. ಗೊಬ್ಬರದಂಗಡಿಯ ಬಾಕಿ ಆ ಇಮೇಲಿಗೆ ಕಾಯುವುದಿಲ್ಲ. ಟಿಡಿಎಸ್ ದರವನ್ನು ಇಳಿಸಿ ನೋಂದಾಯಿತ ಎಕ್ಸ್‌ಚೇಂಜಿನಲ್ಲೇ ಮಾರುವುದು ಅಗ್ಗ ಎನ್ನುವಂತೆ ಮಾಡಿದ್ದರೆ ಇಂಥವರಲ್ಲಿ ಅರ್ಧದಷ್ಟಾದರೂ ಪಿಟುಪಿಯ ದಾರಿಗೆ ಹೋಗುತ್ತಿರಲಿಲ್ಲ ಎಂಬುದು ನಮ್ಮ ಅಂದಾಜು.

ಆದ್ದರಿಂದ ನಮ್ಮ ಬೇಡಿಕೆ ನಿಷೇಧವೂ ಅಲ್ಲ, ಕ್ರಿಪ್ಟೊಗೆ ಮುತ್ತಿನ ಆರತಿಯೂ ಅಲ್ಲ. ಎಕ್ಸ್‌ಚೇಂಜಿಗೆ ಪರವಾನಗಿ ಕೊಡುವ ಒಂದು ಕಚೇರಿ. ಗ್ರಾಹಕರ ಕಾಯಿನ್ನನ್ನು ಕಂಪನಿಯ ಸ್ವಂತ ಆಸ್ತಿಯಿಂದ ಬೇರೆಯಾಗಿ ಇಡಬೇಕೆಂಬ ಕಟ್ಟಳೆ. ಕಳುವಾದರೆ ದೂರು ಕೇಳುವ ಜಾಗ ಭಾರತದ ಒಳಗೇ. ನಷ್ಟವನ್ನು ಲಾಭದಲ್ಲಿ ವಜಾ ಮಾಡುವ ಸಾಮಾನ್ಯ ನ್ಯಾಯ. ಶೇರು ಮಾರುಕಟ್ಟೆಗೆ ಸೆಬಿ ಮಾಡುತ್ತಿರುವ ಕೆಲಸ ಇದೇ. ರಾಜ್ಯ ಸರ್ಕಾರವಾದರೂ ದೆಹಲಿಗೆ ಕಾಯದೆ, ಕಾಯಿನ್ ಹೆಸರಿನ ಚೈನ್ ಸ್ಕೀಮಿನ ದೂರು ಬಂದರೆ ತಾಲ್ಲೂಕು ಠಾಣೆಯಲ್ಲೇ 1978ರ ಕಾಯ್ದೆಯಡಿ ಎಫ್‌ಐಆರ್ ಮಾಡಿ ಎಂದು ಒಂದು ಸುತ್ತೋಲೆ ಹೊರಡಿಸಬಹುದು.

ಲಾಭದ ಮೇಲಿನ ಈ ತೆರಿಗೆಯಿಂದ 2022-23ರಲ್ಲಿ ₹269.09 ಕೋಟಿ, 2023-24ರಲ್ಲಿ ₹437.43 ಕೋಟಿ ಬಂತೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಕೋಲಾರದ ಸಂಸದ ಮಲ್ಲೇಶ್ ಬಾಬು ಅವರ ಪಕ್ಷ ದೆಹಲಿಯ ಆಳುವ ಕೂಟದಲ್ಲೇ ಇದೆ. ಲೋಕಸಭೆಯಲ್ಲಿ ಅವರು ಹಣಕಾಸು ಸಚಿವರಿಗೆ ಒಂದು ಪ್ರಶ್ನೆ ಹಾಕಲಿ: ಈ ಹಣ ಕಟ್ಟಿದವರ ಕಾಯಿನ್ ಕಳುವಾದರೆ ಅವರು ದೂರು ಕೊಡಬೇಕಾದ ಕಚೇರಿ ಯಾವುದು, ಅದರ ವಿಳಾಸ ಏನು?